‘ಗಂಡ’ ಎಂಬ ಬಿರುದು: ಮಧ್ಯಕಾಲೀನ ಕನ್ನಡದಲ್ಲಿ ಪೌರುಷ ಮತ್ತು ಸ್ತ್ರೀದ್ವೇಷ

1

ಮಧ್ಯಕಾಲೀನ ಕನ್ನಡ ಸಾಹಿತ್ಯದಲ್ಲಿ ಸ್ತ್ರೀಯ ಚಿತ್ರಣವನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ಗಮನಾರ್ಹವಾದ ಅಧ್ಯಯನಗಳು ನಡೆದಿವೆ. ವಿಜಯಾ ದಬ್ಬೆ, ಬಿ.ಎನ್. ಸುಮಿತ್ರಾಬಾಯಿ ಮೊದಲಾದವರು ಕನ್ನಡದ ಸ್ತ್ರೀವಾದಿ ವಿಮರ್ಶೆಗೆ ಹಾಕಿಕೊಟ್ಟ ತಳಹದಿಯ ಮೇಲೆ ಅನೇಕ ಸಂಶೋಧನ ಪ್ರಬಂಧಗಳು ರಚಿತವಾಗಿವೆ. ಆದರೆ ಈ ಪ್ರಬಂಧಗಳಲ್ಲಿ ಹಲವು ಒಂದೇ ಜಾಡನ್ನು ಹಿಡಿದಿರುವುದು ಕಂಡುಬರುತ್ತದೆ. ಕಾವ್ಯಗಳಿಂದ ಸ್ತ್ರೀನಿಂದೆಯ ಪದ್ಯಗಳನ್ನು ಒಂದೆಡೆ, ಸ್ತ್ರೀಸ್ತುತಿಯ ಪದ್ಯಗಳನ್ನು ಇನ್ನೊಂದೆಡೆ ಆಯ್ದಿಟ್ಟು, ತಕ್ಕಡಿಯಲ್ಲಿ ತೂಗಿ, ಈ ಕವಿ ಹೆಣ್ಣಿನ ವಿಷಯದಲ್ಲಿ ಉದಾರಿ, ಆ ಕವಿ ಅನುದಾರಿ ಎಂದು ತೀರ್ಪು ಕೊಡುವುದೇ ಆ ಜಾಡು. ನಾವೂ ಇಂಥ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡಿದ್ದೇವೆ. ಆದ್ದರಿಂದ ಇಲ್ಲಿ ಹೇಳುವ ಮಾತು ನಮಗೂ ಅನ್ವಯಿಸುತ್ತದೆ.

ಈ ವಿಧಾನದ ಕೊರತೆ ನಮ್ಮ ಅರಿವಿಗೆ ಬಂದುದು ತರಗತಿಯಲ್ಲಿ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಕೀಚಕನಿಂದ ತುಂಬಿದ ಸಭೆಯಲ್ಲಿ ಒದೆಸಿಕೊಂಡ ದ್ರೌಪದಿ ರಾತ್ರಿ ಬಾಣಸಿನ ಮನೆಗೆ ಬಂದು ಭೀಮನನ್ನು ಎಬ್ಬಿಸಿ ತನ್ನ ಸಂಕಟವನ್ನು ತೋಡಿಕೊಳ್ಳುವ ಪ್ರಸಂಗವಿದೆ. ಆಕೆಯ ಮಾತು ‘ಗಂಡ’ ಎಂಬ ಶಬ್ದದ ಎರಡು ಅರ್ಥಗಳ ಮೇಲೆ ನಿಂತಿದೆ. ಪತಿ ಎಂಬ ಅರ್ಥದ ಗಂಡರು ಐವರಿದ್ದಾರೆ. ಲೋಕದಲ್ಲಿ ವೀರರೆನಿಸಿಕೊಂಡ ಗಂಡರೂ ಅವರೇ. ಆದರೂ ಒಬ್ಬಳನ್ನು ಕಾಯಲಾರದ ಇವರು ಗಂಡರೋ ಅಥವಾ ಅದರ ವಿರುದ್ಧ ಪದದಿಂದ ಕರೆಯಬೇಕಾದವರೋ ಎಂಬುದು ಅವಳ ಪ್ರಶ್ನೆ. ಆ ವಿರುದ್ಧ ಪದ ‘ಷಂಡ’. ಈ ಪದ್ಯವನ್ನು ನಾವು ಇಪ್ಪತ್ತೈದು ವರ್ಷ ಸಂತೋಷದಿಂದಲೇ ಪಾಠ ಹೇಳಿದ್ದೇವೆ. ಇದು ಸ್ತ್ರೀಯ ಪ್ರತಿಭಟನೆಯ ಧ್ವನಿಯೆಂದು ವ್ಯಾಖ್ಯಾನಿಸಿದ್ದೇವೆ. ಒಮ್ಮೆ ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಈ ಪೆಟ್ಟು ಯಾರಿಗೆ ತಾಗುತ್ತದೆ ಸರ್? ಭೀಮನನ್ನು ಚುಚ್ಚುವುದಕ್ಕೆ ಅವನನ್ನು ಗಂಡಸಲ್ಲವೆಂದು ಕರೆಯಬೇಕಾದರೆ, ಗಂಡಸಲ್ಲದವರೆಲ್ಲ ಮೊದಲೇ ಕೀಳೆಂದು ಒಪ್ಪಿಕೊಂಡ ಹಾಗಾಗಲಿಲ್ಲವೆ? ದ್ರೌಪದಿಯೂ ಆ ಗುಂಪಿನವಳೇ ಅಲ್ಲವೆ?” ಎಂದು ಕೇಳಿದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಸ್ತ್ರೀನಿಂದೆ ಮತ್ತು ಸ್ತ್ರೀದ್ವೇಷ ಎಂಬೆರಡು ಮಾತುಗಳನ್ನು ಇಲ್ಲಿ ಬೇರೆಬೇರೆ ಅರ್ಥದಲ್ಲಿ ಬಳಸಿದ್ದೇವೆ. ನಿಂದೆ ಒಂದು ಉಕ್ತಿ. ಅದಕ್ಕೆ ಆಡಿದವನುಂಟು, ಸಂದರ್ಭವುಂಟು. ದ್ವೇಷವೆಂದು ನಾವು ಕರೆಯುವುದು ವ್ಯಕ್ತಿಯ ಮನಸ್ಸಿನ ಕಹಿಯನ್ನಲ್ಲ. ಹೆಣ್ತನವನ್ನು ಕೆಳಗಿರಿಸಿದಲ್ಲದೆ ಗಂಡಸುತನಕ್ಕೆ ಅರ್ಥವೇ ಹುಟ್ಟದಂತೆ ಕಟ್ಟಿಕೊಂಡಿರುವ ಒಂದು ವ್ಯವಸ್ಥೆಯನ್ನು. ಒಂದೇ ಒಂದು ನಿಂದೆಯ ಪದ್ಯವನ್ನು ಬರೆಯದ ಕವಿಯೂ ಈ ವ್ಯವಸ್ಥೆಯೊಳಗೇ ಬರೆದಿರಬಹುದು. ಹಾಗಿದ್ದರೆ ಅದರ ಕುರುಹುಗಳನ್ನು ಹೆಣ್ಣನ್ನು ಕುರಿತ ಪದ್ಯಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಹೆಣ್ಣೇ ಇಲ್ಲದ ಎಡೆಯಲ್ಲಿ, ಗಂಡಸು ಗಂಡಸಿನೊಡನೆ ಹೋರಾಡುವ ಎಡೆಯಲ್ಲಿಯೂ ಹುಡುಕಬೇಕು.

2

ಅಂಥ ಎಡೆಗಳಲ್ಲಿ ಮೊದಲನೆಯದು ಶಾಸನಗಳ ಬಿರುದಾವಳಿ. ವಿಜಯನಗರದ ಸಂಗಮ ವಂಶದ ಅರಸರ ಬಿರುದುಗಳಲ್ಲಿ ‘ಮೂರುರಾಯರ ಗಂಡ’, ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬವು ಮತ್ತೆಮತ್ತೆ ಬರುತ್ತವೆ. ‘ಗಂಡರ ಗಂಡ’ ಎಂಬುದೂ ಪರಿಚಿತವಾದ ಬಿರುದೇ. ಇದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತೆಲುಗು ನಾಡಿನ ಕಾಕತೀಯ ಗಣಪತಿದೇವನಿಗೆ ‘ಚಲಮರ್ತಿಗಂಡ’ ಎಂಬ ಬಿರುದಿತ್ತು. ಇಂದಿನ ಕಿವಿಗೆ ‘ಮೂರು ರಾಯರ ಗಂಡ’ ಎಂಬುದು ವಿಚಿತ್ರವಾಗಿ ಕೇಳಿಸುತ್ತದೆ. ವಿದ್ಯಾರ್ಥಿಗಳು ನಗುತ್ತಾರೆ, ನಾವು ‘ಇಲ್ಲಿ ಗಂಡ ಎಂದರೆ ವೀರ, ಪತಿಯಲ್ಲ’ ಎಂದು ತಿದ್ದಿ ಮುಂದೆ ಸಾಗುತ್ತೇವೆ.

ಈ ತಿದ್ದುಪಡಿ ತಪ್ಪಲ್ಲ. ‘ಗಂಡ’ ಶಬ್ದಕ್ಕೆ ಶೂರ, ಬಲಶಾಲಿ ಎಂಬ ಅರ್ಥ ಹಳೆಯದೇ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಎರಡು ಅರ್ಥಗಳನ್ನೂ ದಾಖಲಿಸಿದೆ. ಬಿರುದನ್ನು ‘ಮೂವರು ಅರಸರನ್ನು ಮಣಿಸಿದ ಶೂರ’ ಎಂದು ಅರ್ಥೈಸುವವರ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶಬ್ದಾರ್ಥ ಅಲ್ಲಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಎರಡು ಆಧಾರಗಳಿವೆ. ಒಂದು, ಕುಮಾರವ್ಯಾಸನ ದ್ರೌಪದಿಯ ಮಾತು. ಎರಡು ಅರ್ಥಗಳೂ ಕೇಳುಗರ ಕಿವಿಯಲ್ಲಿ ಏಕಕಾಲಕ್ಕೆ ಜೀವಂತವಾಗಿದ್ದುದರಿಂದಲೇ ಆ ಶ್ಲೇಷೆ ಅಷ್ಟು ಹರಿತವಾಗಿದೆ. ಸಂಗಮರ ಬಿರುದುಗಳೂ ಕುಮಾರವ್ಯಾಸನ ಕಾವ್ಯವೂ ಹೆಚ್ಚು ಕಡಿಮೆ ಒಂದೇ ಕಾಲಾವಧಿಯ ಭಾಷೆಗೆ ಸೇರಿದವು. ಇನ್ನೊಂದು, ಅರಸನನ್ನು ಭೂಮಿಯ ಪತಿಯೆಂದು ಕರೆಯುವ ಪರಂಪರೆ. ಬಾದಾಮಿಯ ಚಾಲುಕ್ಯರ ‘ಶ್ರೀಪೃಥ್ವೀವಲ್ಲಭ’ ಎಂಬ ಬಿರುದಿನಲ್ಲಿ ಸಿರಿಯೂ ನೆಲವೂ ಅರಸನ ಹೆಂಡಿರು. ನೆಲಕ್ಕೆ ಗಂಡನಾಗಿರುವವನು ಆ ನೆಲವನ್ನು ಆಳುತ್ತಿದ್ದ ಅರಸನಿಗೂ ‘ಗಂಡ’ನಾಗುವುದು ದೂರದ ಮಾತಲ್ಲ. ಗೆಲ್ಲುವುದೆಂದರೆ ಗಂಡನಾಗುವುದು, ಸೋಲುವುದೆಂದರೆ ಹೆಂಡತಿಯ ಸ್ಥಾನಕ್ಕೆ ಇಳಿಯುವುದು ಎಂಬ ಸಮೀಕರಣ ಭಾಷೆಯ ಒಡಲಲ್ಲಿಯೇ ಸಿದ್ಧವಾಗಿತ್ತು. ಹೈದರಾಬಾದಿನಲ್ಲಿರುವ ನಮ್ಮ ಓದುಗರು ಗಮನಿಸಿರಬಹುದು: ತೆಲುಗಿನ ಆಡುಮಾತಿನಲ್ಲಿ ಒಬ್ಬನನ್ನು ಮೀರಿಸಿದವನನ್ನು ಅವನ ‘ಮೊಗುಡು’ ಎನ್ನುವುದು ಇಂದಿಗೂ ಉಂಟು.

ಇದರ ಇನ್ನೊಂದು ಮುಖವೂ ಅಲ್ಲಿಯ ಇತಿಹಾಸದಲ್ಲಿಯೇ ದೊರೆಯುತ್ತದೆ. ಗಣಪತಿದೇವನ ಮಗಳು ರುದ್ರಮದೇವಿ ಹದಿಮೂರನೆಯ ಶತಮಾನದಲ್ಲಿ ಪಟ್ಟವೇರಿ ಸಮರ್ಥಳಾಗಿ ಆಳಿದಳು. ಆದರೆ ಶಾಸನಗಳಲ್ಲಿ ಅವಳನ್ನು ‘ರುದ್ರದೇವ ಮಹಾರಾಜ’ ಎಂದು ಪುಲ್ಲಿಂಗದಲ್ಲಿ ಹೆಸರಿಸಿರುವುದುಂಟು. ಹೆಣ್ಣು ಸಿಂಹಾಸನದಲ್ಲಿ ಕೂರುವುದನ್ನು ಆ ವ್ಯವಸ್ಥೆ ತಡೆಯಲಿಲ್ಲ. ಹೆಣ್ಣಿನ ಹೆಸರು ಅಲ್ಲಿ ಕೂರುವುದಕ್ಕೆ ಮಾತ್ರ ಹಿಂಜರಿಯಿತು.

ಪೌರುಷವನ್ನು ಬಿಟ್ಟುಕೊಡುವ ಮಾತು ಕೂಡ ಈ ನುಡಿಗಟ್ಟಿನಿಂದ ಹೊರಗೆ ಹೋಗಲಾರದು. ಪಂಪನ ಆದಿಪುರಾಣದಲ್ಲಿ ಭರತನನ್ನು ಗೆದ್ದ ಬಾಹುಬಲಿ ವೈರಾಗ್ಯ ತಾಳಿ ರಾಜ್ಯವನ್ನು ಅಣ್ಣನಿಗೇ ಒಪ್ಪಿಸುವ ಸನ್ನಿವೇಶ ಕನ್ನಡದ ಅತ್ಯುನ್ನತ ಸಂದರ್ಭಗಳಲ್ಲಿ ಒಂದು. ಆದರೂ ಆ ತ್ಯಾಗಕ್ಕೆ ಕವಿಗೆ ದೊರೆತ ರೂಪಕ ಯಾವುದು? ರಾಜ್ಯಲಕ್ಷ್ಮಿ ಅಣ್ಣನ ಎದೆಯಲ್ಲಿ ನೆಲೆಸಬೇಕಾದ ಹೆಣ್ಣು. ಅಣ್ಣ ಮೆಚ್ಚಿದವಳಿಗೆ ತಮ್ಮ ಆಸೆಪಡುವುದು ಕೀರ್ತಿಗೆ ಕುಂದು. ಭೋಗಿಯ ಗಂಡಸುತನಕ್ಕೆ ಹೆಣ್ಣು ಪಡೆಯಬೇಕಾದ ವಸ್ತುವಾದರೆ, ವಿರಾಗಿಯ ಗಂಡಸುತನಕ್ಕೆ ಅವಳು ಬಿಡಬೇಕಾದ ವಸ್ತು. ಎರಡರಲ್ಲಿಯೂ ಅವಳು ವಸ್ತುವೇ.

3

ಕಾವ್ಯ ಆಸ್ಥಾನದ್ದು, ಬಿರುದು ಅರಸರದು, ಜನಸಾಮಾನ್ಯರ ಲೋಕ ಬೇರೆಯಿತ್ತು ಎಂಬ ಆಕ್ಷೇಪ ಬರಬಹುದು. ಊರೂರ ವೀರಗಲ್ಲುಗಳನ್ನು ನೋಡಿದರೆ ಆ ಆಕ್ಷೇಪ ನಿಲ್ಲುವುದಿಲ್ಲ. ವೀರನು ಮಡಿದ ಕಾರಣಗಳಲ್ಲಿ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬವು ಪ್ರಸಿದ್ಧವಾದವು. ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದುದನ್ನೂ ಊರ ಹೆಂಗಸರ ಉಡೆಯನ್ನು ಉರ್ಚಿದುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಾಸನಗಳಿವೆ. ಹೆಣ್ಣಿನ ಮೇಲೆ ನಡೆದ ಅತ್ಯಾಚಾರ ಅಲ್ಲಿ ಆಕೆಗೆ ಒದಗಿದ ನೋವಾಗಿ ದಾಖಲಾಗುವುದಿಲ್ಲ. ಊರ ಗಂಡಸರಿಗೆ ಬಂದ ಸವಾಲಾಗಿ ದಾಖಲಾಗುತ್ತದೆ. ಹೆಂಗಸರ ಕೂಗಿಗೆ ಓಗೊಟ್ಟು ಸತ್ತವನ ಹೆಸರು ಕಲ್ಲಿನಲ್ಲಿ ಉಳಿಯಿತು. ಕೂಗಿದವರ ಹೆಸರು ಉಳಿಯಲಿಲ್ಲ. ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ಮಡಿದವನನ್ನು ಸುರಕನ್ನೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಹೆಣ್ಣಿಗಾಗಿ ಸತ್ತವನಿಗೆ ದೊರೆಯುವ ಬಹುಮಾನವೂ ಹೆಣ್ಣೇ.

ಅದೇ ಊರಿನ ಹೊರಗೆ ಮಾಸ್ತಿಕಲ್ಲೂ ಇರುತ್ತದೆ. ಕಂಬವೊಂದರಿಂದ ಹೊರಚಾಚಿ ಮೇಲಕ್ಕೆ ಬಾಗಿದ ತೋಳು, ಆ ತೋಳಿನಲ್ಲಿ ಬಳೆಗಳು. ಚಿತೆಯೇರಿದ ಹೆಂಗಸಿನ ಸಂಪೂರ್ಣ ರೂಪವನ್ನು ಕೆತ್ತದೆಯೇ ಆಕೆಯನ್ನು ಸೂಚಿಸಲು ಶಿಲ್ಪಿಗೆ ಬಳೆ ತೊಟ್ಟ ತೋಳೊಂದು ಸಾಕಾಯಿತು. ಅದಕ್ಕೆ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತೇವೆ. ಇಂದಿಗೂ ಅಧಿಕಾರಿಯೊಬ್ಬ ಕೆಲಸ ಮಾಡದಿದ್ದರೆ ಅವನ ಮೇಜಿನ ಮೇಲೆ ಬಳೆ, ಸೀರೆ, ಕುಪ್ಪಸದ ಕಣ ಇಟ್ಟು ಪ್ರತಿಭಟಿಸುತ್ತೇವೆ. ‘ಬಳೆ ತೊಟ್ಟುಕೋ’ ಎಂಬ ಕನ್ನಡದ ಬೈಗುಳ ದಿಲ್ಲಿಯ ಬೀದಿಯಲ್ಲಿ ‘ಚೂಡಿಯಾಂ ಪಹನ್ ಲೋ’ ಎಂದೂ ಪುಣೆಯಲ್ಲಿ ‘ಬಾಂಗಡ್ಯಾ ಭರಾ’ ಎಂದೂ ಕೇಳಿಬರುತ್ತದೆ. ಹೆಂಗಸರ ಸಂಘಟನೆಗಳೇ ಈ ಬಳೆಗಳನ್ನು ಹೊತ್ತುಕೊಂಡು ಹೋಗುವುದೂ ಉಂಟು. ಬೆಂಕಿಗೆ ಬಿದ್ದ ಕೈಯಲ್ಲಿದ್ದರೆ ಬಳೆ ಪೂಜ್ಯ, ಬದುಕಿರುವ ಗಂಡಸಿನ ಕೈಗೆ ಬಂದರೆ ಅದು ಅವಮಾನ. ಗಂಡಸರೂ ಕೈಗೆ ಕಡಗವನ್ನು, ಕಂಕಣವನ್ನು ತೊಡುತ್ತಿದ್ದರು. ಕಾಲಿಗೆ ತೊಡಿಸುವ ‘ಗಂಡಪೆಂಡೆರ’ವಂತೂ ಪಂಡಿತರಿಗೂ ವೀರರಿಗೂ ಸಲ್ಲುತ್ತಿದ್ದ ದೊಡ್ಡ ಮರ್ಯಾದೆ. ಆದ್ದರಿಂದ ಅವಮಾನವಿರುವುದು ಆಭರಣದಲ್ಲಲ್ಲ. ಆಭರಣದ ಹೆಸರು ಯಾರಿಗೆ ಸೇರಿದ್ದು ಎಂಬುದರಲ್ಲಿ.

4

ಈ ಹಿನ್ನೆಲೆಯಲ್ಲಿ ಜನ್ನನ ಎರಡು ಕಾವ್ಯಗಳನ್ನು ಒಟ್ಟಿಗೆ ಓದಬೇಕೆಂಬುದು ನಮ್ಮ ಅಭಿಪ್ರಾಯ. ಯಶೋಧರಚರಿತೆ (1209) ಸ್ತ್ರೀನಿಂದೆಯ ಉದಾಹರಣೆಗಳಿಗಾಗಿ ಸಂಶೋಧಕರು ಮೊದಲು ತೆರೆಯುವ ಕೃತಿಗಳಲ್ಲಿ ಒಂದು. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು ಕುರೂಪಿಯಾದ ಮಾವುತ ಅಷ್ಟಾವಂಕನನ್ನು ಕೂಡುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿ ನರಕ ಸೇರುತ್ತಾಳೆ. ನಿಂದೆಯ ಪದ್ಯಗಳನ್ನು ಎಣಿಸುವವರು ಇಲ್ಲಿಗೆ ನಿಲ್ಲುತ್ತಾರೆ.

ನಾವು ಗಮನಿಸಬೇಕಾದುದು ಯಶೋಧರನ ವರ್ತನೆಯನ್ನು. ಕಣ್ಣಾರೆ ಕಂಡು ಕತ್ತಿಯೆತ್ತಿದ ಅರಸ ಹೊಡೆಯದೆ ಹಿಂದೆ ಸರಿಯುತ್ತಾನೆ. ಅವನನ್ನು ತಡೆಯುವ ಯೋಚನೆಯಲ್ಲಿ ಹೆಂಡತಿಯ ಮೇಲಿನ ಕನಿಕರಕ್ಕಿಂತ ತನ್ನ ಕತ್ತಿಯ ಗೌರವವೇ ಮುಂದಾಗಿರುತ್ತದೆ. ಮರುದಿನ ನೈದಿಲೆಯಿಂದ ಹೊಡೆದು ವ್ಯಂಗ್ಯವಾಡುತ್ತಾನೆ. ತಾಯಿ ಚಂದ್ರಮತಿ ಮಗನ ಬಾಡಿದ ಮುಖವನ್ನು ಕಂಡು ಕಾರಣ ಕೇಳಿದಾಗ ಕಂಡುದನ್ನು ಹೇಳದೆ ಕನಸಿನ ನೆಪ ಹೂಡುತ್ತಾನೆ. ಆ ಕನಸಿನ ಶಾಂತಿಗಾಗಿಯೇ ತಾಯಿ ಬಲಿಯನ್ನು ಸೂಚಿಸುತ್ತಾಳೆ. ಪ್ರಾಣಿವಧೆಗೆ ಒಪ್ಪದ ಮಗ ಹಿಟ್ಟಿನ ಕೋಳಿಯ ಬಲಿಗೆ ಒಪ್ಪುತ್ತಾನೆ. ಆ ಸಂಕಲ್ಪಹಿಂಸೆಯಿಂದಲೇ ತಾಯಿ ಮಗ ಜನ್ಮಜನ್ಮಾಂತರ ತೊಳಲುತ್ತಾರೆ. ಜೈನಧರ್ಮದ ದೃಷ್ಟಿಯಲ್ಲಿ ದುಃಖದ ಮೂಲ ಸಂಕಲ್ಪಹಿಂಸೆ; ಸ್ತ್ರೀನಿಂದಕರ ದೃಷ್ಟಿಯಲ್ಲಿ ಅಮೃತಮತಿ. ಆದರೆ ಕಥೆಯ ಕಾರ್ಯಕಾರಣವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಿದರೆ ನಡುವೆ ಒಂದು ಸುಳ್ಳು ನಿಂತಿದೆ: ತಾನು ಗಂಡನಾಗಿ ಸೋತೆನೆಂದು ತಾಯಿಯ ಮುಂದೆಯೂ ಒಪ್ಪಿಕೊಳ್ಳಲಾರದ ಗಂಡಸಿನ ಸುಳ್ಳು. ಆ ಕನಸನ್ನು ಅವನು ಕಟ್ಟದಿದ್ದರೆ ಕೋಳಿಯೂ ಇಲ್ಲ, ಭವಾವಳಿಯೂ ಇಲ್ಲ. ಜನ್ನ ಇದನ್ನು ಉದ್ದೇಶಪೂರ್ವಕವಾಗಿ ಹೇಳಿದನೆಂದು ನಾವು ವಾದಿಸುವುದಿಲ್ಲ. ಕಥೆಯನ್ನು ಅವನು ವಾದಿರಾಜನ ಸಂಸ್ಕೃತ ಕಾವ್ಯದಿಂದ ಪಡೆದವನು. ಆದರೆ ನಡೆದುದರ ಹೊಣೆಯನ್ನು ಮನ್ಮಥನ ಮಾಯೆಗೂ ವಿಧಿಗೂ ಹಂಚುವ ಅವನ ಪ್ರಸಿದ್ಧವಾದ ಮಾತು, ಹೆಣ್ಣಿನ ಸ್ವಭಾವವೊಂದೇ ಕಾರಣವೆಂಬ ವಿವರಣೆ ಕವಿಗೂ ಸಾಲದಾಗಿತ್ತೆಂಬುದನ್ನು ಸೂಚಿಸುತ್ತದೆ. ಗಿರೀಶ ಕಾರ್ನಾಡರು ಹಿಟ್ಟಿನ ಹುಂಜ (1980) ನಾಟಕವನ್ನು ಬರೆದಾಗ ಅವರಿಗೆ ಒದಗಿದ್ದು ಈ ಬಿರುಕೇ.

ಇದೇ ಕವಿಯ ಅನಂತನಾಥಪುರಾಣದಲ್ಲಿ (1230) ಚಂಡಶಾಸನ ಗೆಳೆಯ ವಸುಷೇಣನ ಅತಿಥಿಯಾಗಿ ಬಂದು ಅವನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಗಂಡ ಸತ್ತನೆಂದು ನಂಬಿಸಿದಾಗ ಆಕೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಆಕೆಯ ಹೆಣದೊಂದಿಗೆ ತಾನೂ ಚಿತೆಯೇರುತ್ತಾನೆ. ಅಮೃತಮತಿಯದೂ ಚಂಡಶಾಸನನದೂ ಮದುವೆಯ ಕಟ್ಟನ್ನು ಮುರಿಯುವ ಕಾಮ. ಎರಡೂ ಕೊಲೆಗಡುಕ ಕಾಮ. ಒಂದು ವ್ಯತ್ಯಾಸವುಂಟು: ಅಷ್ಟಾವಂಕ ಒಲಿದು ಬಂದವಳನ್ನು ಸ್ವೀಕರಿಸಿದವನು, ಸುನಂದೆ ಒಲ್ಲದವಳು. ಹಾಗಿದ್ದರೂ ನಮ್ಮ ವಿಮರ್ಶೆ ಚಂಡಶಾಸನನಲ್ಲಿ ದುರಂತನಾಯಕನನ್ನು ಕಂಡಿತು, ಪ್ರೇಮದ ತೀವ್ರತೆಯನ್ನು ಕೊಂಡಾಡಿತು. ಅಮೃತಮತಿಯಲ್ಲಿ ಮಾತ್ರ ‘ಸ್ತ್ರೀಸ್ವಭಾವ’ದ ರಹಸ್ಯವನ್ನು ಹುಡುಕಿತು. ಗಂಡಸಿನ ಕಾಮಕ್ಕೆ ವ್ಯಕ್ತಿತ್ವವುಂಟು, ಹೆಣ್ಣಿನ ಕಾಮಕ್ಕೆ ಜಾತಿಸ್ವಭಾವ ಮಾತ್ರ ಎಂಬ ಈ ತಾರತಮ್ಯದಲ್ಲಿ ಹದಿಮೂರನೆಯ ಶತಮಾನದ ಪಾಲೆಷ್ಟೋ ವಿಮರ್ಶಕರಾದ ನಮ್ಮ ಪಾಲೂ ಅಷ್ಟೇ ಇದೆ. ಒಲ್ಲದ ಹೆಣ್ಣಿನ ಹೆಣದೊಡನೆ ಸುಟ್ಟುಕೊಂಡವನಿಗೆ ನಾವು ತರಗತಿಗಳಲ್ಲಿ ಎತ್ತಿದ್ದು ಒಂದು ಬಗೆಯ ಮಾಸ್ತಿಕಲ್ಲೇ.

5

ಪರಂಪರೆಯಲ್ಲಿ ಇದಕ್ಕೆ ಪ್ರತಿರೋಧವೇ ಇರಲಿಲ್ಲವೆಂದರೆ ಅಸತ್ಯವಾಗುತ್ತದೆ. ವಚನಕಾರರು ಈ ಗಂಟಿಗೇ ಕೈ ಹಾಕಿದರು. ಹೆಣ್ಣು ಗಂಡೆಂಬುದು ಮೈಯ ಗುರುತುಗಳಷ್ಟೇ, ಒಳಗಿನ ಆತ್ಮ ಎರಡೂ ಅಲ್ಲ ಎಂದು ಜೇಡರ ದಾಸಿಮಯ್ಯ ಹೇಳಿದ. ಮಾಯೆ ಹೆಣ್ಣಿನಲ್ಲಿಲ್ಲ, ನೋಡುವವನ ಆಸೆಯಲ್ಲಿದೆ ಎಂದು ಅಲ್ಲಮ ತಿರುಗಿಸಿ ಕೇಳಿದ. ಅಕ್ಕಮಹಾದೇವಿ ಅಳಿವುಳ್ಳ ಗಂಡರನ್ನೇ ನಿರಾಕರಿಸಿದಳು. ‘ಶರಣ ಸತಿ, ಲಿಂಗ ಪತಿ’ ಎಂಬ ಭಾವ ಇನ್ನೂ ಜಟಿಲವಾದುದು. ಅದು ಪತಿ–ಸತಿಯರ ಮೇಲುಕೀಳನ್ನು ಅಳಿಸುವುದಿಲ್ಲ. ಆದರೆ ಮೇಲಿನ ಸ್ಥಾನವನ್ನು ಲಿಂಗಕ್ಕೆ ಬಿಟ್ಟುಕೊಟ್ಟ ಮೇಲೆ ಮನುಷ್ಯನಾದ ಗಂಡಸು ಅಲ್ಲಿ ಕೂರುವಂತಿಲ್ಲ. ‘ಗಂಡ’ ಎಂಬ ಬಿರುದನ್ನು ಧರಿಸುವ ಹಕ್ಕು ಆ ಲೋಕದಲ್ಲಿ ಯಾವ ಅರಸನಿಗೂ ಉಳಿಯುವುದಿಲ್ಲ. ಇದು ಸಾಧನೆಯ ಲೋಕಕ್ಕೆ ಸೀಮಿತವಾಗಿ, ಮನೆಯ ಲೋಕಕ್ಕೆ ಇಳಿಯದೆ ಹೋದುದು ಮುಂದಿನ ಚರಿತ್ರೆ.

ಮನೆಯ ಲೋಕದಿಂದ ಮಾತಾಡಿದವಳು ಸಂಚಿಯ ಹೊನ್ನಮ್ಮ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜನ ಅರಮನೆಯ ಊಳಿಗದವಳಾಗಿದ್ದ ಆಕೆಯ ಹದಿಬದೆಯ ಧರ್ಮ ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸುವ ಕೃತಿ. ತಕ್ಕಡಿಯ ವಿಧಾನಕ್ಕೆ ಇದು ಒಗ್ಗುವುದೇ ಇಲ್ಲ. ಆಕೆ ವ್ಯವಸ್ಥೆಯನ್ನು ಒಪ್ಪಿಕೊಂಡವಳು. ಒಪ್ಪಿಕೊಂಡ ಮೇಲೂ, ಹೆಣ್ಣನ್ನು ಹಳಿಯುವವರನ್ನು ಹೆತ್ತು ಸಲಹಿದವಳು ಹೆಣ್ಣಲ್ಲವೆ ಎಂದು ಕೇಳಿ, ಗಂಡುಕೂಸೇ ಹೆಚ್ಚು ಎಂಬ ನಂಬಿಕೆಯನ್ನು ಅಲುಗಿಸುತ್ತಾಳೆ. ಹೊರಗೆ ನಿಂತು ಆಡುವ ಪ್ರತಿಭಟನೆಗಿಂತ ಒಳಗಿದ್ದು ಆಡುವ ಈ ತಕರಾರನ್ನು ಗುರುತಿಸುವುದು ಸಂಶೋಧಕರಿಗೆ ಕಷ್ಟ, ಆದ್ದರಿಂದಲೇ ಅವಶ್ಯ.

6

ಮತ್ತೆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ದ್ರೌಪದಿಗೆ ತನ್ನ ನೋವನ್ನು ಹೇಳಿಕೊಳ್ಳಲು ದೊರೆತ ಭಾಷೆ ಗಂಡಸುತನದ ಭಾಷೆಯೇ. ನ್ಯಾಯ ಕೇಳಲು ಆಕೆ ಬಳಸಬೇಕಾದ ಮಾತಿನಲ್ಲಿಯೇ ಆಕೆಯ ಕೀಳುತನ ಅಡಗಿದೆ. ಆದ್ದರಿಂದ ಆ ಪೆಟ್ಟು ಭೀಮನನ್ನು ಎಚ್ಚರಿಸುತ್ತದೆ, ಆಕೆಗೂ ತಾಗುತ್ತದೆ. ‘ಷಂಡ’ರೆಂದು ಹೆಸರಾದ ಸಮುದಾಯಕ್ಕೆ ಎಲ್ಲರಿಗಿಂತ ಹೆಚ್ಚಾಗಿ ತಾಗುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗಿಗಳಿಗೆ ಕಾನೂನಿನ ಮನ್ನಣೆ ನೀಡಿದ ಮೇಲೂ ಈ ಪದ ನಮ್ಮ ಸಾರ್ವಜನಿಕ ಭಾಷಣಗಳಿಂದ ಮರೆಯಾಗಿಲ್ಲ. ಇದನ್ನು ಹೇಳಿದರೆ ದ್ರೌಪದಿಯ ಆಕ್ರೋಶದ ಬೆಲೆ ಕುಗ್ಗುವುದಿಲ್ಲ. ಅನ್ಯಾಯ ಎಷ್ಟು ಆಳಕ್ಕೆ ಬೇರುಬಿಟ್ಟಿತ್ತೆಂಬುದು ತಿಳಿಯುತ್ತದೆ.

ಆದರೆ ವಿರಾಟಪರ್ವ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಅರಮನೆಯಲ್ಲಿ ಅರ್ಜುನ ಬೃಹನ್ನಳೆಯಾಗಿ, ಸ್ತ್ರೀವೇಷದ ನಪುಂಸಕನಾಗಿ, ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುತ್ತಿದ್ದಾನೆ. ಹೆಂಗಸರ ನಡುವೆ ಪೌರುಷ ಕೊಚ್ಚಿಕೊಂಡ ಉತ್ತರಕುಮಾರ ಕೌರವಸೇನೆಯನ್ನು ಕಂಡೊಡನೆ ಓಡುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಜನ ಗಾದೆ ಕಟ್ಟಿದರು. ಅವನನ್ನು ಹಿಡಿದು ತಂದು ಯುದ್ಧ ಗೆದ್ದವನು ಬೃಹನ್ನಳೆ. ಬಿರುದಾವಳಿಯ ತರ್ಕದ ಪ್ರಕಾರ ಗೆಲ್ಲಬಾರದವನು ಗೆಲ್ಲುತ್ತಾನೆ. ವೇಷ ಕಳಚಿದೊಡನೆ ಅವನು ಮತ್ತೆ ಗಂಡರ ಗಂಡನೇ ಆಗುತ್ತಾನೆಂಬುದು ನಿಜ. ಆದರೂ ಒಂದು ವರ್ಷ ಕಾಲ ಕಾವ್ಯ ನಮ್ಮ ಮುಂದೆ ಇನ್ನೊಂದು ಸಾಧ್ಯತೆಯನ್ನು ಇಟ್ಟಿರುತ್ತದೆ.

ಇಲ್ಲಿ ಕೆಲವು ಕಾರ್ಯಗಳು ನಮ್ಮ ಮುಂದಿವೆ. ಎಪಿಗ್ರಾಫಿಯಾ ಕರ್ನಾಟಿಕಾ ಮೊದಲಾದ ಸಂಪುಟಗಳಿಂದ ‘ಗಂಡ’ ಪದವುಳ್ಳ ಬಿರುದುಗಳನ್ನು ಕಾಲಾನುಕ್ರಮವಾಗಿ ಸಂಗ್ರಹಿಸಬೇಕು. ಯಾವ ಕಾಲದಲ್ಲಿ, ಯಾವ ಮನೆತನಗಳಲ್ಲಿ ಅವು ಹೆಚ್ಚುತ್ತವೆ ಎಂಬುದನ್ನು ಗುರುತಿಸಬೇಕು. ತೆಲುಗು, ಮರಾಠಿ, ತಮಿಳು ಶಾಸನಗಳ ನುಡಿಗಟ್ಟುಗಳೊಡನೆ ಹೋಲಿಸಬೇಕು. ನಾಡಿನ ಹೊರಗಿದ್ದು ಎರಡು ಮೂರು ಭಾಷೆಗಳ ನಡುವೆ ಬದುಕುವ ಕನ್ನಡ ಸಂಶೋಧಕರಿಗೆ ಈ ಕೆಲಸ ಒಳನಾಡಿನವರಿಗಿಂತ ಸುಲಭ. ‘ಇಂಥ ಕವಿಯ ಕಾವ್ಯದಲ್ಲಿ ಸ್ತ್ರೀ’ ಎಂಬ ಶೀರ್ಷಿಕೆಯ ಪ್ರಬಂಧಗಳ ಜೊತೆಗೆ ‘ಇಂಥ ಕವಿಯ ಕಾವ್ಯದಲ್ಲಿ ಗಂಡಸು’ ಎಂಬ ಪ್ರಬಂಧಗಳೂ ಬರಬೇಕು. ಪರೀಕ್ಷೆಗೆ ಒಳಗಾಗಬೇಕಾದವರು ಈವರೆಗೆ ಪರೀಕ್ಷಕರ ಪೀಠದಲ್ಲಿಯೇ ಕುಳಿತಿದ್ದಾರೆ.

ಕೊನೆಯದಾಗಿ, ಬಳೆಯ ಮಾತು. ವ್ಯಾಸಭಾರತದಲ್ಲಿ ಅಜ್ಞಾತವಾಸಕ್ಕೆ ಹೊರಡುವ ಮುನ್ನ ಅರ್ಜುನ, ಬಿಲ್ಲಿನ ಹೆದೆಯುಜ್ಜಿ ತನ್ನ ಎರಡು ತೋಳುಗಳಲ್ಲಿ ಬಿದ್ದ ಗಾಯದ ಕಲೆಗಳನ್ನು ಬಳೆಗಳಿಂದ ಮುಚ್ಚಿಕೊಳ್ಳುವೆನೆಂದು ಹೇಳುತ್ತಾನೆ. ಹೇಡಿಗೆ ತೊಡಿಸಬೇಕೆಂದು ನಾವು ಹಟ ಹಿಡಿದಿರುವ ಆ ಬಳೆ, ನಮ್ಮದೇ ಪರಂಪರೆಯಲ್ಲಿ, ಒಬ್ಬ ವೀರನ ಗಾಯಗಳನ್ನು ಒಂದು ವರ್ಷ ಕಾದಿತ್ತು. ಮುಂದಿನ ಬಾರಿ ಆ ಪದ್ಯವನ್ನು ಪಾಠ ಹೇಳುವಾಗ ನಾವು ಇದನ್ನೂ ಸೇರಿಸಿ ಹೇಳಬೇಕೆಂದಿದ್ದೇವೆ.